ಲೇಖಕಿಯ ಸ್ವಂತ ಹಣವೂ ಇದರಲ್ಲಿದೆ

ನಾನು ಕಳ್ಳಿಯಲ್ಲ. ಕೇಳುವ ಮೊದಲೇ ಹೀಗೆ ಹೇಳುತ್ತಿದ್ದಾಳೆಂದರೆ ಇವಳದೇನೋ ಇದೆ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ, ಇದೆ. ಆದರೆ ಯಾರ ಒಂದು ಪೆನ್ನಿಯನ್ನೂ ನಾನು ಮುಟ್ಟಿಲ್ಲ. ಹೋಲ್ಡನ್‌ಬ್ರಿಜ್‌ನ ಬಿಲ್ಡಿಂಗ್ ಸೊಸೈಟಿಯಲ್ಲಿ, ಅಂದರೆ ಊರಿನ ಪುಟ್ಟ ಉಳಿತಾಯ ಬ್ಯಾಂಕಿನಲ್ಲಿ, ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ಕೂತು ಊರಿನವರ ಉಳಿತಾಯದ ಪುಸ್ತಕಗಳಿಗೆ ಮುದ್ರೆ ಒತ್ತಿದವಳು ನಾನು. ನಿವೃತ್ತಳಾದ ವರ್ಷವೇ ನಮ್ಮ ವಾರಪತ್ರಿಕೆ ‘ಮರ್ಕ್ಯುರಿ’ಯ ಸಂಪಾದಕ ಟ್ರೆವರ್ ಮನೆಗೆ ಬಂದ.

"ಹಣದ ವಿಷಯ ಜನಕ್ಕೆ ಅರ್ಥ ಆಗೋ ಹಾಗೆ ಬರ್ಕೊಡಿ ಈನಿಡ್. ಲಂಡನ್ನಿನೋರು ಬರಿಯೋದು ಲಂಡನ್ನಿನೋರಿಗೇ ತಿಳಿಯಲ್ಲ."

"ದುಡ್ಡು ಎಷ್ಟು ಕೊಡ್ತೀಯ?" ಅಂದೆ.

ಅವನು ಹೇಳಿದ ಮೊತ್ತದಲ್ಲಿ ಎರಡು ಮೀನು, ಒಂದು ಪೊಟ್ಟಣ ಚಿಪ್ಸ್ ಬರುತ್ತಿತ್ತು, ಅಷ್ಟೇ. ಆದರೂ ಒಪ್ಪಿಕೊಂಡೆ. ಹೆಸರು ಅಚ್ಚಾಗುತ್ತದೆ ಅನ್ನುವ ಆಸೆ ಯಾರಿಗಿಲ್ಲ? ಈನಿಡ್ ಬ್ಯಾರಕ್ಲಫ್ ಎಂದು ದಪ್ಪಕ್ಷರದಲ್ಲಿ, ಮೇಲೊಂದು ಪುಟ್ಟ ಫೋಟೋ. ಹನ್ನೊಂದು ವರ್ಷ ಆ ಮೂಲೆ ನನ್ನದಾಗಿತ್ತು. ಹೆಂಡತಿಯ ಹೆಸರಿನಲ್ಲಿಟ್ಟರೆ ತೆರಿಗೆ ಉಳಿಯುತ್ತದಾ, ಮೊಮ್ಮಗಳಿಗೆ ಸರ್ಕಾರದ ಲಾಟರಿಯಂಥ ಪ್ರೀಮಿಯಂ ಬಾಂಡ್ ಕೊಂಡರೆ ಬಹುಮಾನ ಬಂದೀತಾ, ಏಪ್ರಿಲ್ ಐದರೊಳಗೆ ತೆರಿಗೆಯಿಲ್ಲದ ಖಾತೆಗೆ ಎಷ್ಟು ಹಾಕಬಹುದು, ಇಂಥವೇ ಪ್ರಶ್ನೆಗಳು. ಮಾಂಸದಂಗಡಿಯ ಸಾಲಿನಲ್ಲಿ ನಿಂತರೆ ನನಗೆ ಮಾಂಸ ಸಿಗುವುದರೊಳಗೆ ಮೂರು ಜನ ಸಲಹೆ ಕೇಳಿರುತ್ತಿದ್ದರು. ನಾನು ಸಿಡುಕಿ, ಬಾಯಿ ಒರಟು, ಊರಿಗೇ ಗೊತ್ತು. ಆದರೆ ಈನಿಡ್ ಹೇಳಿದ್ದು ಸುಳ್ಳಾಗಲ್ಲ ಅನ್ನುತ್ತಿದ್ದರು.

ಟ್ರೆವರ್‌ನ ಪತ್ರಿಕೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಇಲ್ಲಿ ಹಣದ ಬಗ್ಗೆ ಬರೆಯುವವರೆಲ್ಲ ಪಾಲಿಸುವ ಪದ್ಧತಿಯೇ ಅದು. ಯಾವ ಷೇರಿನ, ಯಾವ ಬಾಂಡಿನ ಬಗ್ಗೆ ಬರೆಯುತ್ತೀವೋ ಅದರಲ್ಲಿ ನಮ್ಮ ದುಡ್ಡಿದ್ದರೆ ಲೇಖನದ ಬುಡದಲ್ಲಿ ಹಾಗಂತ ಸಣ್ಣಕ್ಷರದಲ್ಲಿ ಒಪ್ಪಿಕೊಳ್ಳಬೇಕು. ಓದುವವರು ಹುಷಾರಾಗಿರಲಿ, ಇವಳಿಗೂ ಇದರಲ್ಲಿ ಲಾಭವಿದೆ ಎಂದು ತಿಳಿದಿರಲಿ, ಅದಕ್ಕೆ. ನಮ್ಮೂರಿನವರು ಮಾತ್ರ ಅದನ್ನು ತಿರುಗಾಮುರುಗ ಓದುತ್ತಿದ್ದರು. ಬುಡದಲ್ಲಿ ಆ ಸಾಲಿದ್ದರೆ, ಓ, ಈನಿಡ್ ತನ್ನದನ್ನೂ ಹಾಕಿದ್ದಾಳೆ, ಇನ್ನೇನು ಯೋಚನೆ ಎಂದು ಹೇಳಿ ಅದನ್ನೇ ಕೊಳ್ಳುತ್ತಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ.

ಎರಡು ಸಾವಿರದ ಹದಿನಾರರ ಮಾರ್ಚಿನಲ್ಲಿ ಟ್ರೆವರ್ ಒಂದು ಹೊಳೆಯುವ ಪುಸ್ತಿಕೆ ತಂದುಕೊಟ್ಟ. ಹೆದರ್‌ಸ್ಕೇಲ್ ಬಾಂಡ್. ವಿದ್ಯಾರ್ಥಿಗಳಿಗೆ ಬಾಡಿಗೆ ಕೋಣೆ ಕಟ್ಟುವವರಿಗೆ ಸಾಲ ಕೊಡುವ ಕಂಪನಿ ಅದು. ಬಿಲ್ಡಿಂಗ್ ಸೊಸೈಟಿಗಳು ನೂರಕ್ಕೆ ಒಂದು ಬಡ್ಡಿ ಕೊಡಲೂ ಮುಖ ಸಿಂಡರಿಸುತ್ತಿದ್ದ ಕಾಲ. ಇವರು ಎಂಟು ಕೊಡುತ್ತೇವೆ ಅನ್ನುತ್ತಿದ್ದರು. ನಾನೇನು ಕಣ್ಣು ಮುಚ್ಚಿಕೊಂಡು ಬರೆಯಲಿಲ್ಲ. ಫೋನು ಮಾಡಿ ಒಬ್ಬನ ತಲೆ ತಿಂದೆ. ಪ್ರೆಸ್ಟನ್‌ಗೆ ಬಸ್ಸಿನಲ್ಲಿ ಹೋಗಿ ಏಳುತ್ತಿದ್ದ ಕಟ್ಟಡವನ್ನೇ ನೋಡಿ ಬಂದೆ. ಎಲ್ಲ ಸರಿಯಾಗೇ ಕಂಡಿತು. ಮಂಗಳವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲೇಖನ ಮುಗಿಸಿದೆ, ಕಂಪನಿಯ ಅರ್ಜಿ ತುಂಬಿದೆ, ಐದು ಸಾವಿರ ಪೌಂಡಿನ ಚೆಕ್ಕು ಬರೆದೆ, ಅರ್ಜಿ, ಚೆಕ್ಕು ಎರಡನ್ನೂ ಕಂಪನಿಯವರು ಕೊಟ್ಟಿದ್ದ ಲಕೋಟೆಗೆ ಹಾಕಿ ಅಂಟಿಸಿದೆ. ಆಮೇಲೆ ಲೇಖನದ ಬುಡದಲ್ಲಿ ಆ ಸಾಲು ಬರೆದೆ. ಲೇಖಕಿಯ ಸ್ವಂತ ಹಣವೂ ಇದರಲ್ಲಿದೆ. ಬರೆಯುವಾಗ ಅದು ಸುಳ್ಳಲ್ಲ. ಲೇಖನ ಕೊಟ್ಟು ವಾಪಸು ಬರುವಾಗ ಲಕೋಟೆಯನ್ನು ಮೂಲೆಯ ಕೆಂಪು ಅಂಚೆ ಡಬ್ಬಿಗೆ ಹಾಕುವುದೆಂದು ಕೈಚೀಲದಲ್ಲಿಟ್ಟುಕೊಂಡೇ ಹೊರಟಿದ್ದೆ.

ಲೇಖನ ಕೊಟ್ಟೆ. ಡಬ್ಬಿಯ ಮುಂದೆ ಬಂದು ನಿಂತೆ. ಲಕೋಟೆಯನ್ನು ಅದರ ಬಾಯಿಯೊಳಗೆ ಅರ್ಧ ತೂರಿಸಿದೆ. ಬೆರಳು ಬಿಡಲಿಲ್ಲ.

ಅಂಚೆ ಚೀಟಿ ಇಲ್ಲ ಎಂಬ ನೆಪ ಹೇಳೋಣವೆಂದರೆ, ಆ ಲಕೋಟೆಗೆ ಚೀಟಿಯೇ ಬೇಕಿರಲಿಲ್ಲ, ಖರ್ಚೆಲ್ಲ ಕಂಪನಿಯದು. ಹಿಂದೆ ನಿಂತಿದ್ದ ಹೆಂಗಸು ಕೆಮ್ಮಿದಳು. ನಾನು ಲಕೋಟೆ ಹೊರಕ್ಕೆಳೆದುಕೊಂಡು, ವಿಳಾಸ ತಪ್ಪಾಗಿದೆ ಎಂಬಂತೆ ಮುಖ ಮಾಡಿ, ಮನೆಗೆ ಬಂದು ಅದನ್ನು ಬೆಂಕಿಗೂಡಿನ ಮೇಲಿದ್ದ ಗಡಿಯಾರದ ಹಿಂದಿಟ್ಟೆ. ನಾಳೆ ಹಾಕಿದರಾಯಿತು ಅಂದುಕೊಂಡೆ.

ಶುಕ್ರವಾರ ಪತ್ರಿಕೆ ಬಂತು. ಸಾಲು ಅಚ್ಚಾಗಿತ್ತು. ಲಕೋಟೆ ಗಡಿಯಾರದ ಹಿಂದೆಯೇ ಇತ್ತು. ಟ್ರೆವರ್‌ಗೊಂದು ಫೋನು ಮಾಡಿ, ಮುಂದಿನ ವಾರ ಒಂದು ತಿದ್ದುಪಡಿ ಹಾಕಪ್ಪಾ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಏನೆಂದು ತಿದ್ದುವುದು? ಕಳೆದ ವಾರ ನಿಮಗೆಲ್ಲ ಕೊಳ್ಳಿ ಅಂದ ಲೇಖಕಿ ತಾನು ಮಾತ್ರ ಹೆದರಿ ಮನೆಗೆ ಓಡಿಹೋದಳು ಎಂದೇ? ನನ್ನ ಹೆಸರಿಗೆ ಮಸಿ ಬಳಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನಾಳೆ ಹಾಕುತ್ತೇನಲ್ಲ, ಹಾಕಿದ ಮೇಲೆ ಸಾಲು ನಿಜವೇ ಆಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ನಾಳೆ ಮೂರು ವರ್ಷ ನಡೆಯಿತು.

ಮಾವಿಸ್ ಟಾಟರ್ಸಾಲ್ ಹಿಂದಿನ ಬೀದಿಯವಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಬಡಿಸಿದವಳು. ಗುರುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಚಹಾ, ಅದು ಎಷ್ಟೋ ವರ್ಷದ ರೂಢಿ. ಅವಳ ಗಂಡ ವಿಲ್ಫ್ ಬಸ್ ಓಡಿಸುತ್ತಿದ್ದ. ಅವನು ತೀರಿಕೊಂಡಾಗ ಕೈಗೆ ಬಂದ ಇಡಿಗಂಟು ಮೂವತ್ತನಾಲ್ಕು ಸಾವಿರ. ಅವಳ ಜೀವಮಾನದಲ್ಲಿ ಅಷ್ಟು ದುಡ್ಡು ಒಟ್ಟಿಗೆ ನೋಡಿದ್ದು ಅದೇ ಮೊದಲು. ಆ ಲೇಖನ ಬಂದ ಮುಂದಿನ ಗುರುವಾರ ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದಳು.

"ಇದು ಒಳ್ಳೇದಾ ಈನಿಡ್?"

"ಬರ್ದಿದೀನಲ್ಲ, ಓದ್ಕೋ."

"ಓದ್ದೆ ಕಣೇ. ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಈ ಕೆಳಗಿನ ಸಾಲು ಮಾತ್ರ ಪೂರ್ತಿ ತಿಳೀತು." ಬೆರಳಿಟ್ಟು ತೋರಿಸಿದಳು. "ನೀನು ಹಾಕಿದೀಯಲ್ವಾ? ನಂಗಷ್ಟು ಸಾಕು. ಒಂದು ಡಬ್ಬಿ ಬಟಾಣಿ ಕೊಳ್ಳೋಕೂ ಮೂರು ಅಂಗಡಿ ಸುತ್ತೋಳು ನೀನು."

ಅವಳ ಎದುರಿಗೇ, ಬೆಂಕಿಗೂಡಿನ ಮೇಲೆ, ಗಡಿಯಾರದ ಹಿಂದಿನಿಂದ ಲಕೋಟೆಯ ಬಿಳಿ ಅಂಚು ಇಣುಕುತ್ತಿತ್ತು. ನಾನು ಹೂಂ ಅನ್ನಲಿಲ್ಲ. ಉಹೂಂ ಅನ್ನಲೂ ಇಲ್ಲ. ಅವಳ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದೆ. ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುವುದು ಆ ಚಹಾ ನೆನೆದಾಗಲೇ. ಬಾಯಿಬಿಟ್ಟು ಸುಳ್ಳು ಹೇಳಿದ್ದರೆ ಕಡೇಪಕ್ಷ ಧೈರ್ಯವಾದರೂ ಇತ್ತು ಅನ್ನಬಹುದಿತ್ತು.

ಮೂವತ್ತನಾಲ್ಕು ಸಾವಿರವನ್ನೂ ಹಾಕಿದಳು. ಅಷ್ಟನ್ನೂ ಒಂದೇ ಕಡೆ ಹಾಕಬೇಡ ಎಂದು ನಾನು ಗದರಿಸಿದೆ, ಅದು ನಿಜ. "ನೀನು ಎಷ್ಟು ಹಾಕಿದೀಯ?" ಎಂದು ಅವಳು ತಿರುಗಿ ಕೇಳಿದಾಗ ಮಾತ್ರ ಬಾಯಿಗೆ ಬೀಗ ಬಿತ್ತು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಎರಡು ವರ್ಷ ಬಡ್ಡಿ ಸರಿಯಾಗಿ ಬಂತು. ಮೊದಲ ವರ್ಷದ ಬಡ್ಡಿಯಲ್ಲಿ ಮಾವಿಸ್ ಹಲ್ಲು ಸರಿಮಾಡಿಸಿಕೊಂಡಳು, ಮೋರ್ಕಮ್‌ನಲ್ಲಿ ನಿಲ್ಲಿಸಿದ್ದ ತನ್ನ ಹಳೇ ಗಾಡಿಮನೆ ಕ್ಯಾರವಾನ್‌ಗೆ ಹೊಸ ಪರದೆ ಹಾಕಿಸಿದಳು, ನನ್ನನ್ನು ಲ್ಯಾಂಡಡ್ನೋಗೆ ಮೂರು ದಿನ ಕರೆದುಕೊಂಡು ಹೋದಳು. "ನಿನ್ನಿಂದಾನೇ ಬಂದ ದುಡ್ಡು, ಸುಮ್ನೆ ತಿನ್ನು" ಎಂದು ಕಡಲ ದಂಡೆಯಲ್ಲಿ ಐಸ್‌ಕ್ರೀಮ್ ಕೊಡಿಸಿದಳು. ನಾನು ತಿಂದೆ. ಇನ್ನೂ ನಗೆಪಾಟಲಿನ ಮಾತೆಂದರೆ, ಆಗ ನನಗೆ ಹೊಟ್ಟೆಕಿಚ್ಚಾಯಿತು. ಎಂಥ ಪೆದ್ದಿ ನಾನು, ಊರಿಗೆಲ್ಲ ದಾರಿ ತೋರಿಸಿ ನಾನೇ ಹಿಂದುಳಿದೆನಲ್ಲ ಎಂದು ಬೈದುಕೊಂಡೆ. ಲಕೋಟೆ ತೆಗೆದುಕೊಂಡು ಮತ್ತೊಮ್ಮೆ ಆ ಡಬ್ಬಿಯವರೆಗೂ ಹೋದೆ. ಮತ್ತೆ ಬೆರಳು ಬಿಡಲಿಲ್ಲ. ಪ್ರತಿ ಏಪ್ರಿಲ್ ಹತ್ತಿರ ಬಂದಾಗ ಟ್ರೆವರ್ ಹೆದರ್‌ಸ್ಕೇಲ್ ಬಗ್ಗೆ ಇನ್ನೊಂದು ಬರೆಸುತ್ತಿದ್ದ, ಬುಡದ ಸಾಲನ್ನು ಅವನ ಕಚೇರಿಯವರೇ ಹಳೆಯದರಿಂದ ಎತ್ತಿ ಅಂಟಿಸುತ್ತಿದ್ದರು. ಒಟ್ಟು ಮೂರು ಸಲ ಅಚ್ಚಾಯಿತು.

ಎರಡು ಸಾವಿರದ ಹತ್ತೊಂಬತ್ತರ ಜನವರಿಯಲ್ಲಿ ಬೆಳಗಿನ ರೇಡಿಯೋ ಹೇಳಿತು. ಹೆದರ್‌ಸ್ಕೇಲ್ ಮುಳುಗಿತು. ಕಟ್ಟಡಗಳು ಅರ್ಧಕ್ಕೇ ನಿಂತಿವೆ, ದುಡ್ಡು ಎಲ್ಲೆಲ್ಲೋ ಹೋಗಿದೆ, ಬ್ಯಾಂಕಿನ ಠೇವಣಿಗಿರುವ ಸರ್ಕಾರಿ ರಕ್ಷಣೆ ಇಂಥ ಬಾಂಡುಗಳಿಗಿಲ್ಲ. ಆ ರಕ್ಷಣೆ ಇಲ್ಲವೆಂದು ನಾನು ಲೇಖನದಲ್ಲಿ ಬರೆದೂ ಇದ್ದೆ, ನಾಲ್ಕನೆಯ ಪ್ಯಾರಾದಲ್ಲಿ. ನಾಲ್ಕನೆಯ ಪ್ಯಾರಾ ಯಾರು ಓದುತ್ತಾರೆ?

ಹತ್ತು ನಿಮಿಷದಲ್ಲಿ ಮಾವಿಸ್ ಬಂದಳು. ಆ ಚಳಿಯಲ್ಲಿ ಮನೆಯ ಚಪ್ಪಲಿಯಲ್ಲೇ ಬಂದಿದ್ದಳು. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು.

"ಈನಿಡ್, ನಿಂದೂ ಹೋಯ್ತಾ?"

ಅವಳದು ಮೂವತ್ತನಾಲ್ಕು ಸಾವಿರ ಹೋಗಿತ್ತು. ಮೊದಲು ಕೇಳಿದ್ದು ನನ್ನದನ್ನು. ಆಗ ಹೇಳಬೇಕಿತ್ತು, ಆ ಕ್ಷಣದಲ್ಲೇ. ನನ್ನ ಬಾಯಿಂದ ಹೊರಟಿದ್ದು, "ಹೋಯ್ತು ಕಣೇ, ಐದು ಸಾವಿರ." ಈ ಸಲ ಬಾಯಿಬಿಟ್ಟೇ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ನಿಜವಾದ ಅಳುವೇ, ಯಾತಕ್ಕೆ ಎಂಬುದು ಬೇರೆ ಮಾತು.

ಅಲ್ಲಿಂದ ಶುರುವಾಯಿತು ನನ್ನ ಬಡತನದ ವೇಷ. ಕಳೆದುಕೊಂಡವಳು ಕಳೆದುಕೊಂಡವಳ ಹಾಗೆ ಇರಬೇಕಲ್ಲ. ಬೇಸಿಗೆಯ ಪ್ರವಾಸ ರದ್ದು ಮಾಡಿದೆನೆಂದು ಎಲ್ಲರೆದುರು ಹೇಳಿದೆ. ಒಳ್ಳೆಯ ಚಹಾಪುಡಿ ಬಚ್ಚಿಟ್ಟು ಅಗ್ಗದ್ದನ್ನು ಮೇಜಿನ ಮೇಲಿಟ್ಟೆ. ಗುರುವಾರ ಮಧ್ಯಾಹ್ನ ಎರಡೂವರೆಗೆ ಮನೆ ಕಾಯಿಸುವ ಬಾಯ್ಲರನ್ನು ಆರಿಸಿ, ಕಿಟಕಿ ತೆರೆದು ಕೋಣೆಯನ್ನು ತಣ್ಣಗೆ ಮಾಡಿ, ಕೋಟು ತೊಟ್ಟು ಕೂರುತ್ತಿದ್ದೆ. ಮೂರಕ್ಕೆ ಮಾವಿಸ್ ಬರುತ್ತಿದ್ದಳು. ಇಬ್ಬರೂ ಕೋಟಿನಲ್ಲೇ ಕೂತು ಚಹಾ ಕುಡಿಯುತ್ತಿದ್ದೆವು. ಅವಳು ಹೋದಮೇಲೆ ಮತ್ತೆ ಬಿಸಿ ಹಾಕಿಕೊಂಡು ನಾನು ಕಾಲು ಕಾಯಿಸಿಕೊಳ್ಳುತ್ತಿದ್ದೆ. ಥೂ, ಹೇಳಲಿಕ್ಕೂ ಅಸಹ್ಯ.

ಅವಳದು ವೇಷವಲ್ಲ. ಕ್ಯಾರವಾನ್ ಮಾರಿದಳು. ಬೆಳಗ್ಗೆ ಹೊತ್ತು ಗ್ರಂಥಾಲಯದಲ್ಲಿ ಕೂರುತ್ತಿದ್ದಳು, ಅಲ್ಲಿ ಬಿಸಿಗೆ ದುಡ್ಡು ಕೊಡಬೇಕಿಲ್ಲವಲ್ಲ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಊರಾಚೆಯ ಗಿಡಮಾರುವವರ ಕೆಫೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಸೊಂಟ ನೋವು ಅಂತ ಒಂದು ದಿನವೂ ಹೇಳಲಿಲ್ಲ. ಕೂರುವಾಗ ಕುರ್ಚಿಯ ಕೈ ಹಿಡಿದು ನಿಧಾನಕ್ಕೆ ಇಳಿಯುತ್ತಿದ್ದಳು, ಅಷ್ಟರಲ್ಲೇ ಗೊತ್ತಾಗುತ್ತಿತ್ತು.

ಫೆಬ್ರವರಿಯ ಒಂದು ಸೋಮವಾರ ಹೇಳದೆ ಕೇಳದೆ ಬಂದಳು. ಮನೆ ಬೆಚ್ಚಗಿತ್ತು. ನಾನು ತೆಳುವಾದ ಅಂಗಿಯಲ್ಲಿದ್ದೆ.

"ಬಾಯ್ಲರ್ ಕೆಟ್ಟಿದೆ ಕಣೇ, ಆರಿಸೋಕೇ ಆಗ್ತಿಲ್ಲ" ಅಂದೆ.

"ಅಯ್ಯೋ, ಬಿಲ್ಲು ಎಷ್ಟು ಬರತ್ತೋ ಏನೋ" ಎಂದು ಅವಳು ನಿಜಕ್ಕೂ ಗಾಬರಿಯಾದಳು. ಆಮೇಲೆ ಕೈಯಲ್ಲಿದ್ದ ದೊಡ್ಡ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ಕರೆಂಟಿನ ಕಂಬಳಿ. ಹಾಸಿಗೆ ಮೇಲೆ ಹಾಸ್ಕೊಂಡು ಮಲಕ್ಕೋ, ಮನೆ ಪೂರ್ತಿ ಕಾಯಿಸೋದು ಬೇಡ. ಪೆನ್ನಿಗಳಲ್ಲಿ ಮುಗಿಯತ್ತೆ."

"ನಿಂಗೆ?"

"ನಂಗೇನು, ವಿಲ್ಫ್‌ದು ಉಣ್ಣೆ ಕಾಲುಚೀಲ ಹತ್ತು ಜೊತೆ ಇದೆ. ಮೊದಲನೇ ಸಂಬಳ ಕಣೇ. ನಿಂಗೇ ಅಂತ ತಂದೆ. ಬೇಡ ಅಂದ್ರೆ ನಾಲ್ಕು ಬಾರಿಸ್ತೀನಿ."

ಮುಂದಿನ ಗುರುವಾರ, ಕಂಬಳಿ ಹೇಗಿದೆ ಎಂದು ಕೇಳಿದಳು. ಬೆಚ್ಚಗೆ ನಿದ್ದೆ ಬಂತು, ಎಷ್ಟೋ ದಿನದ ಮೇಲೆ ಚೆನ್ನಾಗಿ ಮಲಗಿದೆ ಅಂದೆ. ಅವಳ ಮುಖ ಅರಳಿತು. ಪೆಟ್ಟಿಗೆಯನ್ನು ನಾನು ಮಂಚದ ಕೆಳಗೆ ತಳ್ಳಿದ್ದೆ. ಅದನ್ನು ತೆರೆದು ನೋಡುವ ಮುಖವೂ ನನಗಿರಲಿಲ್ಲ.

ಮಾರ್ಚಿನಲ್ಲಿ, ಒಂದು ಶನಿವಾರ ಮಧ್ಯಾಹ್ನ, ದುಡ್ಡು ಕಳೆದುಕೊಂಡ ಊರಿನವರೆಲ್ಲ ಮೆಥಡಿಸ್ಟ್ ಚರ್ಚಿನ ಸಭಾಂಗಣದಲ್ಲಿ ಸೇರಿದರು. ನಲವತ್ತು ಜನರಿದ್ದರು. ನಾನು ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ. ಹೊರಡುವಾಗ ಗಡಿಯಾರದ ಹಿಂದಿನ ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಬಹುಶಃ ಅದನ್ನು ದಾರಿಯ ಕಸದ ಡಬ್ಬಿಗೆ ಎಸೆಯಲು. ಎಸೆಯಲೂ ಇಲ್ಲ.

ಮಾವಿಸ್ ನನಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದಳು. ಪುಕ್ಕಟೆಯಾಗಿ ನೆರವಿಗೆ ಬಂದ ವಕೀಲೆ ಮಿಸ್ ಪ್ರಿಡಿ ಎಂಬ ಸಣ್ಣ ವಯಸ್ಸಿನ ಹುಡುಗಿ, ಅಚ್ಚುಕಟ್ಟಾದವಳು, ಮೇಜಿನ ಹಿಂದೆ ಕೂತು ಬಿಡಿಸಿ ಹೇಳಿದಳು.

"ಕಂಪನಿ ಹತ್ರ ಉಳಿದಿರೋದರಲ್ಲಿ ನಿಮಗೆ ಪೌಂಡಿಗೆ ಐದಾರು ಪೆನ್ಸ್ ಸಿಕ್ಕರೆ ಹೆಚ್ಚು. ಇನ್ನೊಂದು ದಾರಿ ಇದೆ. ನಿಮ್ಮಲ್ಲಿ ತುಂಬಾ ಜನ ‘ಮರ್ಕ್ಯುರಿ’ ಓದಿ ಹಾಕಿದ್ದು. ಪತ್ರಿಕೆಗೆ ವಿಮೆ ಇದೆ. ಆದ್ರೆ ಒಂದು ಮಾತು. ಬರೆದೋರ ಅಭಿಪ್ರಾಯ ತಪ್ಪಾಯ್ತು ಅಂದ್ರೆ ಅದು ಅಪರಾಧ ಅಲ್ಲ, ಯಾರೂ ಏನೂ ಕೊಡಲ್ಲ. ನಡೆದೇ ಇಲ್ಲದ ಸಂಗತೀನ ನಡೆದಿದೆ ಅಂತ ಅಚ್ಚು ಹಾಕಿ, ಅದನ್ನ ನಂಬಿ ನೀವು ಹಾಕಿದ್ರೆ, ಆಗ ಬೇರೆ. ಆಗ ವಿಮೆಯವರನ್ನೂ ಕೇಳಬಹುದು, ಬರೆದೋರನ್ನೂ ಕೇಳಬಹುದು. ಅಂಥದ್ದು ಏನಾದ್ರೂ ಇತ್ತಾ?"

ಹಿಂದಿನ ಸಾಲಿನಿಂದ ಕ್ಲಿಫರ್ಡ್ ಡಕ್‌ವರ್ತ್ ಎದ್ದ. ಅಂಗಡಿ ಮುಚ್ಚಿದ ಹಳೇ ಮಾಂಸದ ವ್ಯಾಪಾರಿ. ಹನ್ನೆರಡು ಸಾವಿರ ಕಳೆದುಕೊಂಡಿದ್ದ.

"ಬರೆದೋಳು ಇಲ್ಲೇ ಕೂತಿದಾಳಲ್ಲ, ಅವಳನ್ನೇ ಕೇಳಿ. ಕಂಪನಿಯೋರು ಎಷ್ಟು ಕೊಟ್ರು ಅಂತ ಕೇಳಿ. ಸುಮ್ನೆ ಮೂರು ವರ್ಷ ಹೊಗಳ್ತಾರಾ ಯಾರಾದ್ರೂ?"

ನನಗೆ ಮೈ ಉರಿಯಿತು. ಕಮಿಷನ್ ತಿಂದಿಲ್ಲವಲ್ಲ ನಾನು, ಅಷ್ಟಾದರೂ ಇತ್ತು. ಎದ್ದು ಅವನ ನೀರಿಳಿಸಬೇಕು ಅನ್ನುವಷ್ಟರಲ್ಲಿ ಮಾವಿಸ್ ಎದ್ದುಬಿಟ್ಟಳು. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು.

"ಕ್ಲಿಫರ್ಡ್, ನಿನ್ನ ಸಾಸೇಜಲ್ಲಿ ಮಾಂಸಕ್ಕಿಂತ ಬ್ರೆಡ್ಡೇ ಜಾಸ್ತಿ ಇರ್ತಿತ್ತು. ನಾವ್ಯಾರೂ ನಿನ್ನ ಕಳ್ಳ ಅನ್ಲಿಲ್ಲ. ಕೂತ್ಕೋ."

ಜನ ನಕ್ಕರು. ಕ್ಲಿಫರ್ಡ್‌ನ ಕಿವಿ ಕೆಂಪಾಯಿತು. ಮಾವಿಸ್ ವಕೀಲೆಯ ಕಡೆ ತಿರುಗಿದಳು.

"ಮೇಡಂ, ನಾನು ಹೇಳ್ತೀನಿ ಕೇಳಿ. ಇವಳು ಕೊಳ್ಳಿ ಅಂತ ಬಾಯಲ್ಲಿ ಹೇಳಿ ದೂರ ನಿಂತೋಳಲ್ಲ. ಅವಳ ಐದು ಸಾವಿರಾನೂ ನಮ್ಮ ಜೊತೇಲೇ ಹೋಗಿದೆ. ಒಂದು ದಿನ ಗೊಣಗಿಲ್ಲ. ನೀವು ಅವಳ ಮನೇಗೆ ಹೋಗಿ ನೋಡಿ, ಒಳಗೇ ಕೋಟು ಹಾಕ್ಕೊಂಡು ಕೂತಿರ್ತಾಳೆ, ಆ ಪುಣ್ಯಾತ್ಗಿತ್ತಿ. ಕಣ್ಣಾರೆ ಕಂಡಿದೀನಿ. ಕೆಳಗಿನ ಆ ಸಾಲು ಸತ್ಯ. ಬೇಕಾದ್ರೆ ನಾನು ಬರ್ದು ರುಜು ಹಾಕಿ ಕೊಡ್ತೀನಿ. ಪತ್ರಿಕೆ ಮೇಲೆ, ಅವಳ ಮೇಲೆ ದೂರು ಹಾಕೋದಾದ್ರೆ ನನ್ನ ಹೆಸರು ಬೇಡ."

"ಹಾಗಾದ್ರೆ," ಮಿಸ್ ಪ್ರಿಡಿ ಪೆನ್ನು ಎತ್ತಿಕೊಂಡಳು, "ಆ ಸಾಲು ನಿಜ ಅಂತ ಎಲ್ಲರೂ ಒಪ್ತೀರಾ? ಒಪ್ಪಿದ್ರೆ ಆ ದಾರಿ ಮುಚ್ಚಿದ ಹಾಗೇ. ನಾನು ಬರ್ಕೋತೀನಿ."

ಅಲ್ಲಲ್ಲಿ ತಲೆಗಳು ಆಡಿದವು. ನನ್ನ ತಲೆಯಲ್ಲಿ ಆ ಕ್ಷಣ ಓಡಿದ್ದನ್ನು ಮುಚ್ಚಿಡುವುದಿಲ್ಲ. ಸುಮ್ಮನೆ ಕೂತರೆ ಸಾಕು. ಮನೆ ಉಳಿಯುತ್ತದೆ, ಹೆಸರು ಉಳಿಯುತ್ತದೆ, ಗುರುವಾರದ ಚಹಾ ಉಳಿಯುತ್ತದೆ. ಮಾವಿಸ್ ಸಾಯುವವರೆಗೂ ಪಾತ್ರೆ ತೊಳೆಯುತ್ತಾಳೆ, ಮತ್ತು ನನ್ನನ್ನು ಪುಣ್ಯಾತ್ಗಿತ್ತಿ ಅನ್ನುತ್ತಿರುತ್ತಾಳೆ. ಮೊದಲಿನದಕ್ಕಿಂತ ಎರಡನೆಯದೇ ನನಗೆ ಸಹಿಸಲಾಗದೆ ಹೋಯಿತು. ಯಾವಾಗ ಎದ್ದೆನೋ ತಿಳಿಯದು.

"ಬರ್ಕೋಬೇಡಿ. ಆ ಸಾಲು ಸುಳ್ಳು" ಅಂದೆ. "ನನ್ನ ದುಡ್ಡು ಅದರಲ್ಲಿ ಇರ್ಲಿಲ್ಲ. ಯಾವತ್ತೂ ಇರ್ಲಿಲ್ಲ."

ಮಾವಿಸ್ ನನ್ನ ತೋಳು ಹಿಡಿದು ಎಳೆದಳು. "ಕೂತ್ಕೊಳ್ಳೇ ಈನಿಡ್, ನಿಂಗೆ ಸುಸ್ತಾಗಿದೆ. ನನ್ನ ಸಲುವಾಗಿ ಏನೇನೋ ಹೇಳ್ಬೇಡ."

ನನ್ನನ್ನು ನಂಬಿದ್ದಳಲ್ಲ, ನಾನು ಸತ್ಯ ಹೇಳಿದರೂ ಸುಳ್ಳೆಂದೇ ಅಂದುಕೊಂಡಳು, ಅದೂ ತನ್ನ ಮೇಲಿನ ಪ್ರೀತಿಗೆ ಹೇಳಿದ ಸುಳ್ಳೆಂದು. ನಾನು ಕೈಚೀಲದಿಂದ ಲಕೋಟೆ ತೆಗೆದು ವಕೀಲೆಯ ಮೇಜಿನ ಮೇಲಿಟ್ಟೆ. ಮೂರು ವರ್ಷದಲ್ಲಿ ಅದರ ಒಂದು ಅಂಚು ಹೊಗೆಗೆ ಹಳದಿಯಾಗಿತ್ತು. ಮಿಸ್ ಪ್ರಿಡಿ ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆ ಅಂಚು ಹರಿದು, ಅರ್ಜಿ ಬಿಡಿಸಿ, ಚೆಕ್ಕಿನ ಮೇಲಿನ ತಾರೀಖು ಓದಿದಳು. ಹದಿನೈದು ಮಾರ್ಚ್ ಎರಡು ಸಾವಿರದ ಹದಿನಾರು.

"ನಿನ್ನ ಮಟ್ಟಿಗೆ ಒಳ್ಳೇ ಸಲಹೇನೇ ಕೊಟ್ಕೊಂಡಿದೀಯ ಬಿಡು" ಎಂದು ಕ್ಲಿಫರ್ಡ್ ಹಿಂದಿನಿಂದ ಹೇಳಿದ. ಜೋರಾಗಿಯೂ ಹೇಳಲಿಲ್ಲ. ಈ ಸಲ ಯಾರೂ ಅವನನ್ನು ಕೂರಿಸಲಿಲ್ಲ.

ಮಾವಿಸ್ ಆ ಚೆಕ್ಕನ್ನು ಕೈಗೆ ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡು ಓದಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಯಾಕೆ ಹಾಕ್ಲಿಲ್ಲ?" ಅಂದಳು. ಬೈಗುಳವಿರಲಿಲ್ಲ ಅದರಲ್ಲಿ, ತಿಳಿಯಬೇಕೆಂದೇ ಕೇಳಿದಳು.

"ಹೆದರಿಕೆ ಆಯ್ತು."

"ಏನಕ್ಕೆ?"

"ಗೊತ್ತಿಲ್ಲ ಮಾವಿಸ್. ಅಷ್ಟೊಂದು ಬಡ್ಡಿ ಯಾರೂ ಸುಮ್ನೆ ಕೊಡಲ್ಲ ಅನ್ನಿಸ್ತು. ಡಬ್ಬಿ ಮುಂದೆ ನಿಂತಾಗ ಅನ್ನಿಸ್ತು, ಬರಿಯೋವಾಗ ಅನ್ನಿಸ್ಲಿಲ್ಲ."

"ಅದನ್ನ ಬರೀಬೇಕಿತ್ತು ಕಣೇ" ಅಂದಳು.

ಹನ್ನೊಂದು ವರ್ಷದಲ್ಲಿ ನನ್ನ ಬಗ್ಗೆ ಬಂದ ವಿಮರ್ಶೆ ಅದೊಂದೇ, ಮತ್ತು ಅದು ಸರಿ. ನನ್ನ ಹತ್ತಿರವಿದ್ದ ಬೆಲೆಬಾಳುವ ಸಲಹೆ ಒಂದೇ ಒಂದು, ಆ ಹೆದರಿಕೆ. ಅದನ್ನು ಮಾತ್ರ ಗಡಿಯಾರದ ಹಿಂದೆ ಬಚ್ಚಿಟ್ಟುಕೊಂಡೆ.

ಹೇಳಿಕೆ ಬರೆಸಿಕೊಂಡು ಮಿಸ್ ಪ್ರಿಡಿ ರುಜು ಮಾಡಿಸಿದಳು. ಸ್ವಂತ ಮನೆ ಇದೆಯಾ ಎಂದು ಕೇಳಿದಳು, ಇದೆ ಅಂದೆ, ನಾನೂ ಒಬ್ಬ ವಕೀಲರನ್ನು ನೋಡಿಕೊಳ್ಳುವುದು ಒಳ್ಳೆಯದು ಅಂದಳು. ನಾನು ಪೆನ್ನು ಮುಚ್ಚಿ ತಿರುಗುವುದರೊಳಗೆ ಜನ ಸಾಲಾಗಿ ಬಂದು ದೂರಿನ ಹಾಳೆಗೆ ಹೆಸರು ಬರೆಯಲು ನಿಂತಿದ್ದರು. ಮೂರನೆಯವಳು ಮಾವಿಸ್. ಬರೆದಳು. ಅವಳು ಬರೆಯಲಿ ಎಂದೇ ನಾನು ಎದ್ದು ನಿಂತಿದ್ದು, ಆದರೂ ಆ ದುಂಡಗಿನ ಅಕ್ಷರವನ್ನು ಎರಡು ಸಲ ಓದಿದೆ.

ಅವಳು ಕೈಗವಸು ಹಾಕಿಕೊಳ್ಳುತ್ತಾ ನನ್ನ ಹತ್ತಿರ ಬಂದಳು.

"ಆ ಕಂಬಳಿ ನಾಳೆ ತಂದ್ಕೊಡು. ಮನೇಲಿ ಚಳಿ" ಅಂದಳು. ಅಷ್ಟು ಹೇಳಿ, ಒಬ್ಬಳೇ ಮೆಟ್ಟಿಲಿಳಿದು ಹೋದಳು.

ಭಾನುವಾರ ಬೆಳಗ್ಗೆ ಮಂಚದ ಕೆಳಗಿಂದ ಪೆಟ್ಟಿಗೆಯನ್ನು ಎಳೆದೆ. ಆಗ ನೋಡಿದೆ, ಅಂಗಡಿಯ ಅಗಲವಾದ ಟೇಪು ಹಾಗೇ ಇತ್ತು, ಒಂದು ಕಡೆಯೂ ಬಿಚ್ಚಿರಲಿಲ್ಲ. ಬೆಚ್ಚಗೆ ಮಲಗಿದೆ ಅಂದಿದ್ದೆನಲ್ಲ. ಅಡುಗೆಮನೆಯಿಂದ ಕತ್ತರಿ ತಂದೆ. ಟೇಪು ಕತ್ತರಿಸಿ, ಕಂಬಳಿ ತೆಗೆದು ಕೊಡವಿ, ಎರಡು ಸಲ ಮಡಚಿ ಒಳಗಿಟ್ಟರೆ ಸಾಕು, ಬಳಸಿದ ಹಾಗೇ ಕಾಣುತ್ತದೆ. ಕತ್ತರಿಯ ತುದಿಯನ್ನು ಟೇಪಿನ ಮೇಲೆ ಇಟ್ಟೂ ಇದ್ದೆ. ಎಪ್ಪತ್ತೊಂದು ವರ್ಷದ ಹೆಂಗಸು ನೆಲದ ಮೇಲೆ ಮಂಡಿಯೂರಿ ಒಂದು ರಟ್ಟಿನ ಪೆಟ್ಟಿಗೆಗೂ ಸುಳ್ಳು ಹೇಳಿಸಲು ಹೊರಟಿದ್ದಳು. ಕತ್ತರಿಯನ್ನು ಮಂಚದ ಮೇಲೆ ಎಸೆದೆ. ಪೆಟ್ಟಿಗೆ ಎತ್ತಿಕೊಂಡು ಹಿಂದಿನ ಬೀದಿಗೆ ನಡೆದೆ. ಚರ್ಚಿಗೆ ಹೊರಟವರು ಎದುರಾದರು, ಯಾರೂ ಮಾತಾಡಿಸಲಿಲ್ಲ.

ಮಾವಿಸ್ ಬಾಗಿಲು ತೆರೆದಳು. ಕೋಟು ತೊಟ್ಟಿದ್ದಳು, ಕಾಲಲ್ಲಿ ವಿಲ್ಫ್‌ನ ಕಾಲುಚೀಲ. ಒಳಗಿನಿಂದ ಬಂದ ಗಾಳಿ ಬೀದಿಗಿಂತ ತಣ್ಣಗಿತ್ತು. ಒಳಗೆ ಬಾ ಅನ್ನಲಿಲ್ಲ. ಪೆಟ್ಟಿಗೆಯನ್ನು ಎರಡೂ ಕೈಯಿಂದ ಇಸಿದುಕೊಂಡು, ಗೋಡೆಗೆ ಒರಗಿಸಿ ನಿಂತಳು. ಅವಳ ಹೆಬ್ಬೆರಳು ಟೇಪಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು. ಪಾತ್ರೆ ತೊಳೆದು ತೊಳೆದು ಆ ಬೆರಳಿನ ಚರ್ಮ ಬಿರಿದಿತ್ತು.

"ಬಿಚ್ಚೇ ಇಲ್ಲ" ಅಂದಳು.

"ಇಲ್ಲ" ಅಂದೆ.

ಬೈದರೆ ಬೈಸಿಕೊಳ್ಳೋಣವೆಂದು ಬಂದಿದ್ದೆ. ಅವಳು ಬಾಗಿಲು ಹಾಕಿಕೊಂಡಳು, ರಪ್ಪೆಂದಲ್ಲ, ಎಂದಿನ ಹಾಗೆಯೇ. ನಾನು ಮೆಟ್ಟಿಲ ಮೇಲೆ ನಿಂತಿದ್ದಂತೆಯೇ, ಒಳಗೆ ಅವಳು ಟೇಪು ಕೀಳುವ ಸದ್ದು ಕೇಳಿಸಿತು.